ಐಸ್ ಪ್ಲಾಂಟಿನ ಅಮೋನಿಯಾ: ಆಗಸ್ಟ್ ಒಂದಕ್ಕೆ ಮೊದಲು ಆಗಬೇಕಾದ ಕೆಲಸ

ಸಂಪಾದಕರಿಗೆ,

ಮಾನ್ಯರೇ,

ಜೂನ್ 1ಕ್ಕೆ ಶುರುವಾದ ಯಾಂತ್ರೀಕೃತ ಮೀನುಗಾರಿಕೆಯ ನಿಷೇಧ ಜುಲೈ 31ಕ್ಕೆ ಮುಗಿಯುತ್ತದೆ. ಕಾರವಾರದ ಬೈತಖೋಲ, ಅಂಕೋಲಾದ ಬೇಲೆಕೇರಿ, ಕುಮಟಾದ ತದಡಿ, ಹೊನ್ನಾವರದ ಕಾಸರಕೋಡ, ಭಟ್ಕಳದ ಬಂದರು, ಎಲ್ಲ ಕಡೆ ಬೋಟಿಗೆ ಬಣ್ಣ ಬಳಿಯುವುದು, ಎಂಜಿನ್ ಬಿಚ್ಚಿ ಜೋಡಿಸುವುದು, ಬಲೆ ಸರಿಮಾಡುವುದು ಭರದಿಂದ ನಡೆದಿದೆ. ಈ ತಯಾರಿ ದಾರಿಹೋಕರ ಕಣ್ಣಿಗೂ ಬೀಳುತ್ತದೆ. ಅದೇ ಬೋಟಿಗೆ ಐಸ್ ತುಂಬಿಕೊಡುವ ಪ್ಲಾಂಟುಗಳ ತಯಾರಿ ನಾಲ್ಕು ಗೋಡೆಯೊಳಗೆ ನಡೆಯುತ್ತದೆ; ಕೆಲವು ಕಡೆ ನಡೆಯುವುದೇ ಇಲ್ಲ. ಎರಡು ತಿಂಗಳು ಮಲಗಿದ್ದ ಯಂತ್ರವನ್ನು ಜುಲೈ ಕೊನೆಯ ವಾರ ಎಬ್ಬಿಸಿ, ಮೊದಲ ಬೋಟು ಹೊರಡುವಷ್ಟರಲ್ಲಿ ಐಸ್ ಕೊಡಬೇಕೆಂಬ ಅವಸರ. ತಂಪಿಗಾಗಿ ಆ ಯಂತ್ರದೊಳಗೆ ಸುತ್ತುವ ಅಮೋನಿಯಾ ಎಂಬ ವಿಷಾನಿಲ ಸೋರುವುದಕ್ಕೆ ಇದಕ್ಕಿಂತ ಪ್ರಶಸ್ತ ಮುಹೂರ್ತ ಬೇರೆ ಬೇಕಿಲ್ಲ.

ಶೀತಲೀಕರಣ ಯಂತ್ರಗಳ ನಿರ್ವಹಣೆಯ ಕೆಲಸದಲ್ಲಿರುವ ನಾವು ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಐಸ್ ಪ್ಲಾಂಟು ಜನವಸತಿಯ ನಡುವೆ ಬೇಡ, ಎತ್ತಂಗಡಿ ಮಾಡಿ ಎನ್ನುವ ಕೂಗು ಆಗಾಗ ಏಳುತ್ತದೆ. ನಮಗೆ ಅದು ಒಪ್ಪಿಗೆಯಿಲ್ಲ. ನಮ್ಮ ಸೆಕೆಯಲ್ಲಿ ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸ್ ಬೇಕು. ಮೀನು ಇಳಿಯುವಲ್ಲೇ ಐಸ್ ಸಿಗಬೇಕು. ಪ್ಲಾಂಟು ಇರಲಿ, ಆದರೆ ಆಗಸ್ಟ್ ಒಂದಕ್ಕೆ ಮೊದಲು ಅದನ್ನು ಬಲ್ಲವರು ಒಮ್ಮೆ ಕೂಲಂಕಷ ನೋಡಲಿ, ಸುತ್ತಲಿನ ಮನೆಯವರಿಗೆ ಯಾವ ದಿಕ್ಕಿಗೆ ಓಡಬೇಕು ಎಂಬುದು ಗೊತ್ತಿರಲಿ. ಇಷ್ಟೇ ನಮ್ಮ ಒತ್ತಾಯ.

ಮೊದಲು ಒಂದು ಗಾಳಿಮಾತಿನ ವಿಚಾರ. ‘ಐಸ್ ಮಾಡುವಾಗಲೇ ಅಮೋನಿಯಾ ಬೆರೆಸುತ್ತಾರೆ, ಅದಕ್ಕೇ ಮೀನು ಹಾಗೆ ನಾರುತ್ತದೆ’ ಎಂದು ಪೇಟೆಯಲ್ಲಿ ಹೇಳುವುದುಂಟು. ಸರಿಯಾಗಿ ನಡೆಯುವ ಪ್ಲಾಂಟಿನಲ್ಲಿ ಅಮೋನಿಯಾ ಐಸನ್ನು ಮುಟ್ಟುವುದೇ ಇಲ್ಲ. ನೀರು ತುಂಬಿದ ತಗಡಿನ ಕ್ಯಾನುಗಳನ್ನು ಉಪ್ಪುನೀರಿನ ಟ್ಯಾಂಕಿನಲ್ಲಿ, ಅಂದರೆ ಬ್ರೈನ್ ಟ್ಯಾಂಕಿನಲ್ಲಿ, ಇಳಿಬಿಟ್ಟಿರುತ್ತಾರೆ. ಆ ಉಪ್ಪುನೀರು ಸೊನ್ನೆಗಿಂತ 8–10 ಡಿಗ್ರಿ ಕೆಳಗೆ ಇಳಿದರೂ ಗಟ್ಟಿಯಾಗುವುದಿಲ್ಲ. ಅದರಲ್ಲಿ ಮುಳುಗಿರುವ ಕಬ್ಬಿಣದ ಕೊಳವೆಸುರುಳಿಯ, ಅಂದರೆ ಕಾಯಿಲಿನ, ಒಳಗೆ ಅಮೋನಿಯಾ ದ್ರವ ಕುದಿಯುತ್ತಿರುತ್ತದೆ. ಬಯಲಿನ ಒತ್ತಡದಲ್ಲಿ ಅಮೋನಿಯಾ ಸೊನ್ನೆಗಿಂತ 33 ಡಿಗ್ರಿ ಕೆಳಗೇ ಕುದಿದು ಅನಿಲವಾಗುತ್ತದೆ. ಹಾಗೆ ಆವಿಯಾಗುವಾಗ ಸುತ್ತಲಿನ ಶಾಖ ಹೀರುತ್ತದೆ. ಮಣ್ಣಿನ ಕೊಡದ ನೀರು ತಣ್ಣಗಾಗುವುದೂ ಇದೇ ಲೆಕ್ಕದಲ್ಲಿ. ಆ ಆವಿಯನ್ನು ಕಂಪ್ರೆಸರ್ ಎಳೆದು ಒತ್ತುತ್ತದೆ, ಕಂಡೆನ್ಸರಿನ ಮೇಲೆ ನೀರು ಸುರಿದಾಗ ಅದು ಮತ್ತೆ ದ್ರವವಾಗಿ ರಿಸೀವರ್ ಎಂಬ ಶೇಖರಣಾ ಟ್ಯಾಂಕಿಗೆ ಇಳಿಯುತ್ತದೆ, ಅಲ್ಲಿಂದ ಒತ್ತಡ ಇಳಿಸುವ ಎಕ್ಸ್‌ಪಾನ್ಶನ್ ವಾಲ್ವ್ ದಾಟಿ ಕಾಯಿಲಿಗೆ. ಒಮ್ಮೆ ತುಂಬಿದ್ದೇ ವರ್ಷಗಟ್ಟಲೆ ಸುತ್ತಬೇಕು. ಪದೇ ಪದೇ ಸಿಲಿಂಡರ್ ತರಿಸುವ ಪ್ಲಾಂಟು ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ತಪಾಸಣೆಗೆ ಬರುವ ಅಧಿಕಾರಿಗಳು ಯಂತ್ರ ನೋಡುವ ಮೊದಲು ಸಿಲಿಂಡರ್ ಬಿಲ್ಲುಗಳನ್ನು ಕೇಳಲಿ. ಅರ್ಧ ಕಥೆ ಅಲ್ಲೇ ತಿಳಿಯುತ್ತದೆ.

ಕಾಯಿಲ್ ತೂತಾದರೆ ಅಮೋನಿಯಾ ಉಪ್ಪುನೀರಿಗೆ ಸೇರುತ್ತದೆ, ನಿಜ. ಅದನ್ನು ಕಂಡುಹಿಡಿಯುವುದು ಕಷ್ಟವಲ್ಲ. ಟ್ಯಾಂಕಿನಿಂದ ಒಂದು ಲೋಟ ಬ್ರೈನ್ ತೆಗೆದು ನೆಸ್ಲರ್ ದ್ರಾವಣದ ಕೆಲವು ಹನಿ ಹಾಕಿ: ಹಳದಿಗೆ ತಿರುಗಿದರೆ ಅಮೋನಿಯಾ ಇದೆ, ಕಂದು ಬಣ್ಣಕ್ಕೆ ಹೋದರೆ ಜಾಸ್ತಿಯೇ ಇದೆ. ಬರೀ ಲಿಟ್ಮಸ್ ಕಾಗದ ನಂಬುವ ಹಾಗಿಲ್ಲ. ತುಕ್ಕು ತಡೆಯಲು ಬ್ರೈನಿಗೆ ಕ್ಷಾರ ಹಾಕಿದ್ದರೆ ಅದು ಹೇಗೂ ನೀಲಿಯಾಗುತ್ತದೆ. ಇನ್ನು ಮೀನಿನ ಘಾಟು. ಮೋರಿ (ಶಾರ್ಕ್), ತೊರಕೆಯಂಥ (ರೇ) ಮೀನುಗಳ ಮಾಂಸದಲ್ಲಿ ಹುಟ್ಟಾ ಯೂರಿಯಾ ಇರುತ್ತದೆ, ಸತ್ತ ಮೇಲೆ ಅದು ಒಡೆದು ಅಮೋನಿಯಾ ಆಗುತ್ತದೆ. ಬೇರೆ ಮೀನು ಹಾಗೆ ನಾರಿದರೆ ಅದು ಹಳತಾಗಿದೆ ಎಂದುಕೊಳ್ಳಿ. ಹಾಳಾದ ಮೀನನ್ನು ತಾಜಾ ಎಂದು ಮಾರಲು ರಾಸಾಯನಿಕ ಬಳಸುವವರು ಎಲ್ಲೂ ಇಲ್ಲವೆಂದು ನಾವು ಹೇಳುತ್ತಿಲ್ಲ. ಅಮೋನಿಯಾ, ಫಾರ್ಮಲಿನ್ ಎರಡನ್ನೂ ಸ್ಥಳದಲ್ಲೇ ಪತ್ತೆ ಮಾಡುವ ಪರೀಕ್ಷಾ ಕಾಗದದ ಪಟ್ಟಿಗಳನ್ನು ಕೊಚ್ಚಿಯ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ ರೂಪಿಸಿದೆ. ಅನುಮಾನವಿದ್ದಲ್ಲಿ ಅದನ್ನು ಬಳಸಿ ನೋಡಲಿ. ಅದಕ್ಕೂ ಐಸ್ ಪ್ಲಾಂಟಿನ ಯಂತ್ರಕ್ಕೂ ಗಂಟು ಹಾಕುವುದು ಬೇಡ.

ಹಾಗೆ ನೋಡಿದರೆ ಅಮೋನಿಯಾ ನಮ್ಮ ಜಿಲ್ಲೆಯ ಮನೆಮನೆಗೂ ಪರಿಚಯದ್ದೇ. ಬೆಳಿಗ್ಗೆ ಕೊಟ್ಟಿಗೆಯ ಬಾಗಿಲು ತೆಗೆದಾಗ ಮೂಗಿಗೆ ಹೊಡೆಯುವ ಘಾಟು ಅದೇ. ಕಲಾಯಿ ಹಾಕುವವರು ಕಾದ ಪಾತ್ರೆಗೆ ನವಸಾಗರ ಉಜ್ಜಿದಾಗ ಏಳುವ ಬಿಳಿ ಹೊಗೆಯಲ್ಲೂ ಅದಿದೆ. ಬೇಕರಿಯ ಕೆಲವು ಬಿಸ್ಕತ್ತು ಉಬ್ಬುವುದು ಅಮೋನಿಯಂ ಬೈಕಾರ್ಬನೇಟಿನಿಂದ. ರಬ್ಬರ್ ಹಾಲು ಹೆಪ್ಪಾಗದಂತೆ ಹಾಕುವುದು, ತಲೆಗೂದಲಿನ ಡೈ, ಗಾಜು ಒರೆಸುವ ದ್ರಾವಣ, ಎಲ್ಲದರಲ್ಲೂ ಇದೆ. ಯೂರಿಯಾದ ಮೂಲವಂತೂ ಅಮೋನಿಯವೇ. ಶಿರಸಿ, ಸಿದ್ದಾಪುರದ ಕಡೆ ಬಿಳಿಹುಲ್ಲನ್ನು ಯೂರಿಯಾದಿಂದ ಹದಮಾಡುವವರಿಗೆ ಒಂದು ಮಾತು: 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾ, 40ರಿಂದ 65 ಲೀಟರ್ ನೀರು, ಗಾಳಿಯಾಡದಂತೆ ಮುಚ್ಚಿ ಮೂರು ವಾರ. ಅಲ್ಲಿ ಕೆಲಸ ಮಾಡುವುದು ಯೂರಿಯಾದಿಂದ ಹೊರಟ ಅಮೋನಿಯವೇ. ಮುಚ್ಚಿದ್ದನ್ನು ತೆಗೆಯುವಾಗ ಮುಖ ಬಗ್ಗಿಸಿ ನಿಲ್ಲಬೇಡಿ, ಹುಲ್ಲನ್ನು ಹರಡಿ ಘಾಟು ಹೋಗುವವರೆಗೆ ಗಾಳಿಗೆ ಬಿಟ್ಟು ಆಮೇಲೆ ದನಕ್ಕೆ ಹಾಕಿ. ಆರು ತಿಂಗಳೊಳಗಿನ ಕರುಗಳಿಗೆ ಅದು ಬೇಡವೇ ಬೇಡ.

ಮನೆಬಳಕೆಯಲ್ಲಿ ಒಂದೇ ಒಂದು ದೊಡ್ಡ ಅಪಾಯ. ಅಮೋನಿಯಾ ಇರುವ ಕ್ಲೀನರನ್ನೂ ಬ್ಲೀಚಿಂಗ್ ಪೌಡರನ್ನೂ ಜೊತೆಗೂಡಿಸಬಾರದು. ಕ್ಲೋರಮೈನ್ ಎಂಬ ವಿಷಾನಿಲ ಹುಟ್ಟುತ್ತದೆ, ಬಾಗಿಲು ಹಾಕಿದ ಬಚ್ಚಲಿನಲ್ಲಿ ಎದೆ ಹಿಡಿದುಕೊಳ್ಳಲು ಅಷ್ಟು ಸಾಕು. ಇದನ್ನು ಇಲ್ಲಿ ಹೇಳಲು ಕಾರಣವಿದೆ: ಪ್ಲಾಂಟಿನ ಸುತ್ತ ಅಮೋನಿಯಾ ವಾಸನೆ ಬಂದಾಗ ‘ವಾಸನೆ ಹೋಗಲಿ’ ಎಂದು ಚರಂಡಿಗೆ ಬ್ಲೀಚಿಂಗ್ ಪೌಡರ್ ಎರಚುವುದು ಕೆಲವು ಕಡೆ ರೂಢಿಯಾಗಿದೆ. ದಯವಿಟ್ಟು ಮಾಡಬೇಡಿ.

ಕೈಗಾರಿಕೆಯ ಅಮೋನಿಯಾ ಬೇರೆಯದೇ ದರ್ಜೆಯದು, ಅದರಲ್ಲಿ ನೀರಿನ ಅಂಶವೇ ಇಲ್ಲ. ಒಂದು ಲೀಟರ್ ದ್ರವ ಸೋರಿದರೆ ಸುಮಾರು 850 ಲೀಟರ್ ಅನಿಲ. ಹತ್ತು ಲಕ್ಷ ಭಾಗ ಗಾಳಿಯಲ್ಲಿ 25 ಭಾಗ ಇದ್ದರೆ ಎಂಟು ತಾಸಿನ ಕೆಲಸದ ಮಿತಿ. 300 ಭಾಗಕ್ಕೆ ಮುಖವಾಡವಿಲ್ಲದವರು ತಕ್ಷಣ ಹೊರಬೀಳಬೇಕು. ಕೆಲವು ಸಾವಿರಕ್ಕೆ ಏರಿದರೆ ಸ್ವಲ್ಪ ಹೊತ್ತಿನಲ್ಲೇ ಪ್ರಾಣಕ್ಕೆ ಬರುತ್ತದೆ. ಒಂದು ಪುಣ್ಯವೆಂದರೆ ಇದರ ವಾಸನೆ ಅಪಾಯದ ಮಟ್ಟಕ್ಕಿಂತ ಎಷ್ಟೋ ಮೊದಲೇ ಮೂಗಿಗೆ ತಿಳಿಯುತ್ತದೆ. ಆದರೆ ದಿನವೂ ಅಲ್ಲೇ ಇರುವವರ ಮೂಗು ಜಡ್ಡುಗಟ್ಟುತ್ತದೆ. ‘ನಮಗೇನೂ ವಾಸನೆ ಬರ್ತಿಲ್ಲವಲ್ಲ’ ಎಂದು ಆಪರೇಟರ್ ಹೇಳಿದರೆ ಅವನು ಸುಳ್ಳು ಹೇಳುತ್ತಿಲ್ಲ, ಆ ಮಾತನ್ನು ನಂಬುವಂತೆಯೂ ಇಲ್ಲ. ಅಮೋನಿಯಾಗೆ ನೀರೆಂದರೆ ಬಲು ಆಸೆ. ಒಂದು ಲೀಟರ್ ನೀರು ಸುಮಾರು 700 ಲೀಟರ್ ಅನಿಲ ಹೀರಬಲ್ಲದು. ಅದಕ್ಕೇ ಅದು ಮೊದಲು ದಾಳಿ ಮಾಡುವುದು ದೇಹದ ಒದ್ದೆ ಜಾಗಗಳ ಮೇಲೆ: ಕಣ್ಣು, ಗಂಟಲು, ಶ್ವಾಸಕೋಶ, ಬೆವರಿದ ಕಂಕುಳು. ಬೆಂಕಿಯ ಭಯ ಕಡಿಮೆ, ಇಲ್ಲವೆಂದಲ್ಲ. ಮುಚ್ಚಿದ ಕೋಣೆಯಲ್ಲಿ ಗಾಳಿಯ ನೂರಕ್ಕೆ 15ರಿಂದ 28 ಭಾಗ ತುಂಬಿದರೆ ಒಂದು ಕಿಡಿಗೆ ಸ್ಫೋಟಿಸುತ್ತದೆ.

ಸೋರಿಕೆ ಎಲ್ಲಿಂದ? ಸಿಲಿಂಡರ್ ಸಿಡಿಯುತ್ತದೆ ಎಂದು ಜನ ಹೆದರುತ್ತಾರೆ. ನಮ್ಮ ಕೆಲಸದವರನ್ನು ಕೇಳಿದರೆ ಮೊದಲು ಬರುವ ಮಾತು ಆಯಿಲ್ ತೆಗೆಯುವುದು. ಕಂಪ್ರೆಸರಿನ ಎಣ್ಣೆ ಸ್ವಲ್ಪ ಸ್ವಲ್ಪವಾಗಿ ಅಮೋನಿಯಾ ಜೊತೆ ಮುಂದಕ್ಕೆ ಹೋಗುತ್ತದೆ. ಎಣ್ಣೆ ಅಮೋನಿಯಾ ದ್ರವಕ್ಕಿಂತ ಭಾರ, ಅದರಲ್ಲಿ ಕರಗುವುದೂ ಇಲ್ಲ. ರಿಸೀವರಿನ ತಳದಲ್ಲಿ, ಕಾಯಿಲಿನ ಕೆಳತುದಿಯಲ್ಲಿ ನಿಲ್ಲುತ್ತದೆ. ಬಿಟ್ಟರೆ ಐಸ್ ಹಿಡಿಯುವುದು ನಿಧಾನವಾಗುತ್ತದೆ, ಆದ್ದರಿಂದ ಆಗಾಗ ತೆಗೆಯಲೇಬೇಕು. ಆಗುವುದು ಹೀಗೆ: ಒಬ್ಬನೇ ಒಬ್ಬ ಹೆಲ್ಪರ್ ಬಕೆಟ್ ಇಟ್ಟು ಡ್ರೇನ್ ವಾಲ್ವ್ ಸ್ವಲ್ಪ ತಿರುಗಿಸುತ್ತಾನೆ. ತಣ್ಣಗಿನ ಎಣ್ಣೆ ಅಂಟು ಅಂಟು, ಏನೂ ಬರುವುದಿಲ್ಲ. ಇನ್ನೊಂದು ಸುತ್ತು ತಿರುಗಿಸುತ್ತಾನೆ. ಆಗಲೂ ಬಾರದಿದ್ದರೆ ತಂತಿ ಹಾಕಿ ಚುಚ್ಚುತ್ತಾನೆ. ತಡೆದಿದ್ದ ಎಣ್ಣೆಯ ಗಂಟು ಫಕ್ಕನೆ ಹೊರಬಿದ್ದು, ಬೆನ್ನಿಗೇ ಅಮೋನಿಯಾ ದ್ರವ ನುಗ್ಗುತ್ತದೆ. ಅಷ್ಟರಲ್ಲಿ ವಾಲ್ವಿನ ಸೀಟಿನಲ್ಲಿ ಕಸ ಸಿಕ್ಕಿ ಮುಚ್ಚುವುದಿಲ್ಲ, ಕಣ್ಣು ಕಾಣುವುದಿಲ್ಲ, ಉಸಿರು ಹಿಡಿದು ಓಡುವುದೊಂದೇ ದಾರಿ. ಹಿಂದೆ ಬಿಟ್ಟ ವಾಲ್ವ್ ತೆರೆದೇ ಇರುತ್ತದೆ.

ಇದನ್ನು ತಪ್ಪಿಸುವ ಸಾಮಾನು ದುಬಾರಿಯದೇನಲ್ಲ. ಡ್ರೇನ್ ಪೈಪಿಗೆ ಎರಡು ವಾಲ್ವ್ ಒಂದರ ಹಿಂದೆ ಒಂದು ಇರಬೇಕು. ಹೊರಗಿನದು ಸ್ಪ್ರಿಂಗ್ ಇರುವಂಥದ್ದು. ಕೈಯಲ್ಲಿ ಹಿಡಿದಷ್ಟು ಹೊತ್ತು ಮಾತ್ರ ತೆರೆದು, ಕೈ ಬಿಟ್ಟ ಕೂಡಲೇ ತಾನೇ ಮುಚ್ಚಿಕೊಳ್ಳುವಂಥದ್ದು. ಆ ಹಿಡಿಕೆಗೆ ಹಗ್ಗ ಕಟ್ಟಿ ತೆರೆದೇ ಇಡುವ ಬುದ್ಧಿವಂತರೂ ಇದ್ದಾರೆ. ಹಗ್ಗ ಕಂಡರೆ ಆ ಪ್ಲಾಂಟಿನ ಉಳಿದ ಕೆಲಸವನ್ನೂ ಅನುಮಾನಿಸಿ. ಎಣ್ಣೆಯನ್ನು ನೇರ ರಿಸೀವರಿನಿಂದ ತೆಗೆಯದೆ ಒಂದು ಪುಟ್ಟ ಆಯಿಲ್ ಪಾಟಿಗೆ ಇಳಿಸಿ, ಪಾಟನ್ನು ಯಂತ್ರದಿಂದ ಬೇರ್ಪಡಿಸಿ, ಅದರಲ್ಲಿರುವ ಅಮೋನಿಯಾವನ್ನು ಕಂಪ್ರೆಸರ್ ಆವಿ ಎಳೆಯುವ ಪೈಪಿಗೆ, ಅಂದರೆ ಸಕ್ಷನ್ ಲೈನಿಗೆ, ಎಳೆಸಿಕೊಂಡು ಒತ್ತಡ ಹೆಚ್ಚುಕಡಿಮೆ ಬಯಲಿನ ಮಟ್ಟಕ್ಕೆ ಬಂದ ಮೇಲೆ ಮಾತ್ರ ಬಕೆಟಿಗೆ ಬಿಡಬೇಕು. ಇಬ್ಬರಿರಬೇಕು, ಒಬ್ಬ ವಾಲ್ವಿನ ಬಳಿ, ಇನ್ನೊಬ್ಬ ಬಾಗಿಲ ಬಳಿ. ಊಟಕ್ಕೆ, ಫೋನಿಗೆ ಎದ್ದು ಹೋಗುವ ಹಾಗಿಲ್ಲ.

ಎರಡನೆಯದು ತುಕ್ಕು, ನಮ್ಮ ಕರಾವಳಿಯ ಖಾಯಂ ವೈರಿ. ಸಕ್ಷನ್ ಪೈಪಿನ ಮೇಲೆ ಥರ್ಮಾಕೋಲ್ ಸುತ್ತಿ ಡಾಂಬರು ಬಳಿದಿರುತ್ತಾರೆ. ಹೊರಗಿನಿಂದ ನೋಡಿದರೆ ಚೆಂದ. ಎಲ್ಲೋ ಒಂದು ಬಿರುಕಿನಿಂದ ಉಪ್ಪುಗಾಳಿಯ ತೇವ ಒಳಗೆ ಸೇರಿ ಪೈಪು ಪದರ ಪದರವಾಗಿ ಏಳುತ್ತಿರುತ್ತದೆ. ಯಂತ್ರ ಓಡುವಾಗ ಪೈಪು ತಣ್ಣಗೆ, ತುಕ್ಕು ನಿಧಾನ. ಜೂನ್–ಜುಲೈನಲ್ಲಿ ನಿಂತಾಗ ಪೈಪು ಬೆಚ್ಚಗಾಗಿ ಒದ್ದೆಯಾಗಿಯೇ ಇರುತ್ತದೆ, ತುಕ್ಕು ಓಡುವ ಕಾಲ ಅದೇ. ಆದ್ದರಿಂದ ಸಂದಿ, ಬೆಂಡು, ಗೋಡೆ ದಾಟುವ ಜಾಗ, ಕ್ಲ್ಯಾಂಪಿನ ಅಡಿ, ಇಲ್ಲಿ ಥರ್ಮಾಕೋಲ್ ಬಿಚ್ಚಿ ನೋಡಬೇಕು, ದಪ್ಪ ಅಳೆಯುವ ಅಲ್ಟ್ರಾಸಾನಿಕ್ ಮೀಟರ್ ಹಿಡಿಸಬೇಕು. ಸುತ್ತಿಗೆಯಲ್ಲಿ ತಟ್ಟಿ ನೋಡುವ ಹಳೆಯ ಪದ್ಧತಿ ಅಮೋನಿಯಾ ತುಂಬಿದ ಪೈಪಿಗೆ ಸಲ್ಲದು.

ತಾಮ್ರ, ಹಿತ್ತಾಳೆಯ ಯಾವ ಸಾಮಾನೂ ಅಮೋನಿಯಾ ಲೈನಿಗೆ ಬರಬಾರದು, ತೇವ ಸೇರಿದ ಅಮೋನಿಯಾ ಅದನ್ನು ತಿಂದುಹಾಕುತ್ತದೆ. ಪಂಪ್ ಸೆಟ್ಟಿನ ಅಂಗಡಿಯಲ್ಲಿ ಸಿಕ್ಕ ಹಿತ್ತಾಳೆ ನಿಪ್ಪಲನ್ನು ‘ಸದ್ಯಕ್ಕೆ’ ಎಂದು ಹಾಕಿದ್ದು ಹಾಗೇ ಉಳಿದುಬಿಡುತ್ತದೆ.

ಜೂನ್‌ನಲ್ಲಿ ಮುಚ್ಚುವಾಗಲೂ ಒಂದು ಕ್ರಮವಿದೆ, ಈ ವರ್ಷ ಅದನ್ನು ಬಿಟ್ಟವರು ಮುಂದಿನ ವರ್ಷಕ್ಕಾದರೂ ಬರೆದಿಟ್ಟುಕೊಳ್ಳಲಿ. ರಿಸೀವರಿನ ಹೊರದಾರಿಯ ಕಿಂಗ್ ವಾಲ್ವ್ ಮುಚ್ಚಿ ಕಂಪ್ರೆಸರ್ ಓಡಿಸಿದರೆ ಕಾಯಿಲಿನ ಅಮೋನಿಯಾ ಎಲ್ಲ ರಿಸೀವರಿಗೆ ಬಂದು ಸೇರುತ್ತದೆ. ಪಂಪ್‌ಡೌನ್ ಎನ್ನುವುದು ಇದನ್ನೇ. ಆದರೆ ರಿಸೀವರನ್ನು ನೂರಕ್ಕೆ 80ಕ್ಕಿಂತ ಮೇಲೆ ತುಂಬಬಾರದು. ಬಿಸಿಯೇರಿದರೆ ದ್ರವ ಹಿಗ್ಗುತ್ತದೆ, ಹಿಗ್ಗಲು ಜಾಗ ಬೇಕು. ಇದೇ ಕಾರಣಕ್ಕೆ, ದ್ರವ ತುಂಬಿದ ಪೈಪಿನ ಎರಡೂ ತುದಿಯ ವಾಲ್ವ್ ಮುಚ್ಚಿ ಮನೆಗೆ ಹೋಗುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ನಡುವೆ ಸಿಕ್ಕಿಬಿದ್ದ ದ್ರವ ಹಿಗ್ಗಿದಾಗ ಯಾವ ಪೈಪೂ ತಡೆಯುವುದಿಲ್ಲ.

ಮರುಚಾಲನೆಗೆ ಮೊದಲು ಒತ್ತಡ ಪರೀಕ್ಷೆ ಮಾಡುವವರಿಗೆ ಅಕ್ಷರಶಃ ಕೈಮುಗಿದು ಹೇಳುವ ಮಾತು: ಒಣ ನೈಟ್ರೋಜನ್ ಮಾತ್ರ ಬಳಸಿ. ವೆಲ್ಡಿಂಗಿಗೆ ತಂದಿಟ್ಟ ಆಕ್ಸಿಜನ್ ಸಿಲಿಂಡರನ್ನು ಜೋಡಿಸಬೇಡಿ. ಎಣ್ಣೆ ಹಿಡಿದ ಪೈಪಿಗೆ ಒತ್ತಡದ ಆಕ್ಸಿಜನ್ ಹೋದರೆ ಬೆಂಕಿಕಡ್ಡಿಯೇ ಬೇಡ. ಹಾಗೆಯೇ ಅಮೋನಿಯಾ ಪೂರ್ತಿ ತೆಗೆದು, ನೈಟ್ರೋಜನ್ ಹಾಯಿಸಿ, ಎಣ್ಣೆ ಒರೆಸುವ ಮೊದಲು ಯಾವ ಪೈಪಿಗೂ ವೆಲ್ಡಿಂಗ್ ಕೂಡದು.

ಶುರುಮಾಡುವಾಗ ಸಕ್ಷನ್ ವಾಲ್ವನ್ನು ಸಾವಕಾಶವಾಗಿ ತೆರೆಯಬೇಕು. ಕಾಯಿಲಿನಲ್ಲಿ ನಿಂತ ದ್ರವ ಹಾಗೇ ಕಂಪ್ರೆಸರಿಗೆ ನುಗ್ಗಿದರೆ ಟಕ್ ಟಕ್ ಸದ್ದು, ಆಮೇಲೆ ಒಡೆದ ಹೆಡ್. ಗ್ಲ್ಯಾಂಡ್, ಫ್ಲ್ಯಾಂಜ್, ಶಾಫ್ಟ್ ಸೀಲು, ಗೇಜಿನ ಬುಡ, ಎಲ್ಲದಕ್ಕೂ ಒದ್ದೆ ಮಾಡಿದ ಕೆಂಪು ಲಿಟ್ಮಸ್ ಹಿಡಿದು ನೋಡಿ, ನೀಲಿಯಾದಲ್ಲಿ ಸೋರಿಕೆ. ಗಂಧಕದ ಬತ್ತಿ ಹಚ್ಚಿ ಬಿಳಿ ಹೊಗೆ ನೋಡುವ ಪದ್ಧತಿಯೂ ಇದೆ. ಸಣ್ಣ ಸೋರಿಕೆ ಹುಡುಕಲು ಅದು ಸರಿ, ಕೋಣೆ ತುಂಬ ಘಾಟು ಇರುವಾಗ ಬೆಂಕಿ ಹಿಡಿದು ಒಳಗೆ ಹೋಗುವುದು ಹುಚ್ಚುತನ. ಕಂಡೆನ್ಸರ್ ಗೇಜು ಎಷ್ಟು ನೀರು ಬಿಟ್ಟರೂ 200 ಪೌಂಡಿನ ಒತ್ತಡದ ಮೇಲೇ ನಿಂತರೆ ಯಂತ್ರದೊಳಗೆ ಗಾಳಿ ಸೇರಿದೆ, ಇಲ್ಲವೇ ಕೊಳವೆಗೆ ಪಾಚಿ–ಸುಣ್ಣ ಕಟ್ಟಿದೆ. ಗಾಳಿ ಬಿಡುವಾಗ ಪರ್ಜ್ ವಾಲ್ವಿಗೆ ಹೋಸ್ ಜೋಡಿಸಿ ಅದರ ತುದಿಯನ್ನು ನೀರಿನ ಬಕೆಟಿನಲ್ಲಿ ಮುಳುಗಿಸಬೇಕು. ಗುಳ್ಳೆಗಳು ಮೇಲೆ ಬಂದು ಒಡೆದರೆ ಅದು ಗಾಳಿ. ಗುಳ್ಳೆ ಮೇಲೆ ಬಾರದೆ ನೀರಿನೊಳಗೇ ಚಟಪಟ ಸದ್ದಾಗಿ ಮಾಯವಾದರೆ ಬರುತ್ತಿರುವುದು ಅಮೋನಿಯಾ, ಸಾಕು ನಿಲ್ಲಿಸಿ. ಮುಚ್ಚುವ ಮೊದಲು ಹೋಸನ್ನು ನೀರಿನಿಂದ ಎತ್ತಬೇಕು, ಇಲ್ಲವಾದರೆ ನೀರೇ ಹಿಂದಕ್ಕೆ ಏರುತ್ತದೆ.

ಸೇಫ್ಟಿ ವಾಲ್ವ್ ಐದು ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು ಇಲ್ಲವೇ ಪರೀಕ್ಷಿಸಿ ಸೀಲು ಹಾಕಿಸಬೇಕು. ಅದರ ಬಾಯಿ ಪಕ್ಕದ ಮನೆಯ ಕಿಟಕಿಯ ಕಡೆಗಿರಬಾರದು. ನೆಲದಿಂದ 15 ಅಡಿ ಮೇಲೆ, ಮೇಲ್ಮುಖವಾಗಿರಬೇಕು, ಅಥವಾ ನೀರಿನ ಟ್ಯಾಂಕಿಗೆ ಇಳಿದಿರಬೇಕು. ಟ್ಯಾಂಕಿಗಾದರೆ ಪ್ರತಿ ಕಿಲೋ ಅಮೋನಿಯಾಗೆ 8 ಲೀಟರಿನಷ್ಟು ನೀರಿನ ಲೆಕ್ಕ. ಮಳೆಗಾಲದಲ್ಲಿ ಟ್ಯಾಂಕಿನಲ್ಲಿ ನೀರಿದೆಯೇ ಎಂದು ಯಾರೂ ನೋಡುವುದಿಲ್ಲ, ಏಪ್ರಿಲ್‌ನಲ್ಲಿ ಅದು ಒಣಗಿರುತ್ತದೆ.

ಇನ್ನು ಮುಖವಾಡ. ಇದೆಯೇ ಎಂದು ಕೇಳಿದರೆ ‘ಇದೆ ಸಾರ್’ ಎಂದು ಮಷಿನ್ ರೂಮಿನ ಒಳಗಿನ ಕಪಾಟು ತೋರಿಸುತ್ತಾರೆ. ಸೋರಿಕೆಯಾದಾಗ ಆ ಕೋಣೆಗೇ ಹೋಗುವಂತಿಲ್ಲವಲ್ಲ. ಅದು ಹೊರಗೆ, ಬೀಗವಿಲ್ಲದ ಪೆಟ್ಟಿಗೆಯಲ್ಲಿರಬೇಕು. ಡಬ್ಬಿ ಫಿಲ್ಟರಿನ ಮುಖವಾಡ ಕಡಿಮೆ ಘಾಟಿನಲ್ಲಿ ಹೊರಗೆ ಓಡಿಬರಲು ಮಾತ್ರ, ಅದಕ್ಕೂ ಅವಧಿ ಮುಗಿಯುವ ತಾರೀಖಿದೆ. ಒಳಗೆ ಹೋಗಿ ವಾಲ್ವ್ ಮುಚ್ಚಬೇಕಾದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟುವ ಉಪಕರಣವೇ ಬೇಕು. ಕಂಪ್ರೆಸರಿನ ಮೇನ್ ಸ್ವಿಚ್ಚೂ ಕೋಣೆಯ ಹೊರಗಿರಬೇಕು. ಕಿಂಗ್ ವಾಲ್ವಿಗೆ ಕೆಂಪು ಬಣ್ಣ ಬಳಿದು ದೊಡ್ಡದಾಗಿ ಹೆಸರು ಬರೆದಿರಬೇಕು. ಕಾಯಿಲಿನ ಕಡೆ ಸೋರಿದರೆ ಕಿಂಗ್ ವಾಲ್ವ್ ಮುಚ್ಚಿ, ಕಂಪ್ರೆಸರ್ ಓಡಲು ಬಿಟ್ಟು ಅಮೋನಿಯಾವನ್ನು ಹಿಂದಕ್ಕೆ ಎಳೆಸಿಕೊಳ್ಳಬಹುದು. ಕಂಡೆನ್ಸರ್ ಕಡೆ ಸೋರಿದರೆ ಕಂಪ್ರೆಸರನ್ನು ಮೊದಲು ನಿಲ್ಲಿಸಬೇಕು. ಈ ಎರಡು ಸಾಲು ಕನ್ನಡದಲ್ಲಿ ಬಾಗಿಲ ಮೇಲಿದ್ದರೆ ರಾತ್ರಿಪಾಳಿಯ ಹುಡುಗನಿಗೆ ಮಾಲೀಕರಿಗೆ ಫೋನ್ ಹಚ್ಚುತ್ತ ನಿಲ್ಲುವ ಕರ್ಮ ತಪ್ಪುತ್ತದೆ.

ಸುತ್ತಲಿನ ಮನೆಯವರು ತಿಳಿಯಬೇಕಾದ್ದು ಮುಖ್ಯವಾಗಿ ಗಾಳಿ. ಅಮೋನಿಯಾ ಅನಿಲ ಗಾಳಿಗಿಂತ ಹಗುರ, ಮೇಲೆ ಹೋಗಿಬಿಡುತ್ತದೆ ಎಂದು ಪಠ್ಯಪುಸ್ತಕ ಹೇಳುತ್ತದೆ. ನಮ್ಮ ಕರಾವಳಿಯ ತೇವಭರಿತ ಹವೆಯಲ್ಲಿ ಹೊಸದಾಗಿ ಸೋರಿದ ಅಮೋನಿಯಾ ತಣ್ಣಗಿನ ಬಿಳಿ ಮಂಜಾಗಿ ನೆಲ ಹಿಡಿದೇ ಹರಿಯುತ್ತದೆ, ತಗ್ಗಿನ ಮನೆ, ಚರಂಡಿ, ಓಣಿ ಹುಡುಕಿಕೊಂಡು ಹೋಗುತ್ತದೆ. ಆಗಸ್ಟಿನಲ್ಲಿ ಗಾಳಿ ಸಮುದ್ರದಿಂದ ಊರಿನ ಕಡೆಗೆ. ಮಳೆಗಾಲ ಕಳೆದ ಮೇಲೆ ಮಧ್ಯಾಹ್ನ ಕಡಲಗಾಳಿ ಊರ ಕಡೆಗೆ ಬೀಸಿದರೆ, ರಾತ್ರಿಯಿಂದ ಬೆಳಗಿನವರೆಗೆ ಗಾಳಿ ನೆಲದಿಂದ ಕಡಲಿಗೆ. ಆಗ ಅಪಾಯ ಜೆಟ್ಟಿಯಲ್ಲಿ ಬೋಟಿನಲ್ಲೇ ಮಲಗಿರುವವರಿಗೆ. ಘಾಟು ಬಂದಾಗ ಜನ ಸಾಮಾನ್ಯವಾಗಿ ಗಾಳಿ ಹೋಗುವ ದಿಕ್ಕಿಗೇ ಓಡುತ್ತಾರೆ, ಮೋಡ ಬೆನ್ನು ಹತ್ತಿಯೇ ಬರುತ್ತದೆ. ಗಾಳಿಗೆ ಅಡ್ಡಲಾಗಿ, ಎಡಕ್ಕೋ ಬಲಕ್ಕೋ ಸರಿಯಿರಿ. ಮೋಡದಿಂದ ಹೊರಬಿದ್ದ ಮೇಲೆ ಗಾಳಿ ಬರುವ ಕಡೆಗೆ ತಿರುಗಿ ಹೋಗಿ. ಬೋಟಿನ ಬಾವುಟ ನೋಡಿದರೆ ದಿಕ್ಕು ಗೊತ್ತಾಗುತ್ತದೆ. ಪ್ಲಾಂಟಿನ ಛಾವಣಿ ಮೇಲೆ ಒಂದು ಗಾಳಿಚೀಲ ಕಟ್ಟಿದರೆ ಇನ್ನೂ ಒಳ್ಳೆಯದು. ಒದ್ದೆ ಬಟ್ಟೆ ಮೂಗು–ಬಾಯಿಗೆ ಹಿಡಿದುಕೊಳ್ಳಿ, ನೀರು ಅಮೋನಿಯಾ ಹೀರುತ್ತದೆ. ಹೊರಗೆ ಮೋಡ ಆವರಿಸಿಬಿಟ್ಟಿದ್ದರೆ ಓಡಬೇಡಿ; ಕಿಟಕಿ–ಬಾಗಿಲು ಮುಚ್ಚಿ, ಎಕ್ಸಾಸ್ಟ್ ಫ್ಯಾನ್, ಎಸಿ ನಿಲ್ಲಿಸಿ, ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಿ ಒಳಗೇ ಇರಿ.

ನೀರು ಹೊಡೆಯುವುದರಲ್ಲೂ ತಪ್ಪಾಗುತ್ತದೆ. ಗಾಳಿಯಲ್ಲಿ ತೇಲುವ ಮೋಡದ ಮೇಲೆ ತುಂತುರು ಹೊಡೆದರೆ ಅದು ತಗ್ಗುತ್ತದೆ. ನೆಲದಲ್ಲಿ ನಿಂತ ಅಮೋನಿಯಾ ದ್ರವದ ಮೇಲೆ ನೀರು ಸುರಿದರೆ ಅದು ಇನ್ನಷ್ಟು ಕುದಿದು ಮೋಡ ಹೆಚ್ಚುತ್ತದೆ. ಆ ನೀರು ಚರಂಡಿ ಮೂಲಕ ಹಳ್ಳಕ್ಕೋ ಉಪ್ಪುನೀರಿನ ಗಜನಿ ಗದ್ದೆಗೋ ಸೇರಿದರೆ ಸಿಗಡಿ, ಮೀನು ಉಳಿಯುವುದಿಲ್ಲ. ಲೀಟರಿಗೆ ಒಂದೆರಡು ಮಿಲಿಗ್ರಾಂ ಅಮೋನಿಯವೂ ಅವಕ್ಕೆ ಮಾರಕ. ಮರಳು ಚೀಲ ಅಡ್ಡ ಹಾಕಿ ತಡೆಯಬೇಕು.

ಕಣ್ಣಿಗೆ ಬಿದ್ದರೆ ರೆಪ್ಪೆ ಅಗಲಿಸಿ ಹಿಡಿದು ಶುದ್ಧ ನೀರನ್ನು ಕನಿಷ್ಠ 15 ನಿಮಿಷ, ಸಾಧ್ಯವಾದರೆ ಅರ್ಧ ಗಂಟೆ ಬಿಡಬೇಕು. ಆಸ್ಪತ್ರೆಗೆ ಹೋಗುವುದು ಆಮೇಲೆ. ಮೊದಲ ನಿಮಿಷಗಳ ನೀರೇ ದೃಷ್ಟಿ ಉಳಿಸುವುದು. ತುಪ್ಪ, ಹರಳೆಣ್ಣೆ, ಎದೆಹಾಲು ಯಾವುದೂ ಬೇಡ. ಅಮೋನಿಯಾ ಕ್ಷಾರವಾದ್ದರಿಂದ ಲಿಂಬೆ, ಮುರುಗಲು ಹುಳಿ ಹಾಕಿದರೆ ಸರಿಹೋಗುತ್ತದೆ ಎನ್ನುವ ಅರೆಬರೆ ರಸಾಯನಶಾಸ್ತ್ರವೂ ಬೇಡ. ದ್ರವ ಚೆಲ್ಲಿ ಬಟ್ಟೆ ಚರ್ಮಕ್ಕೆ ಅಂಟಿಕೊಂಡಿದ್ದರೆ ಎಳೆಯಬಾರದು, ಚರ್ಮವೂ ಬರುತ್ತದೆ. ನೀರು ಹೊಯ್ದು ಸಡಿಲಾದ ಮೇಲೆ ತೆಗೆಯಿರಿ. ಘಾಟು ಕುಡಿದವರು ಒಂದು ತಾಸಿನಲ್ಲಿ ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಯಲ್ಲಿ ಒಂದು ದಿನ ನಿಗಾದಲ್ಲಿರಬೇಕು. ಶ್ವಾಸಕೋಶದಲ್ಲಿ ನೀರು ತುಂಬುವುದು ಗಂಟೆಗಳ ನಂತರವೂ ಆಗಬಹುದು.

ಕಾನೂನಿನ ವಿಷಯಕ್ಕೆ ಬಂದರೆ ಸಣ್ಣ ಪ್ಲಾಂಟುಗಳು ಸಂದಿಯಲ್ಲಿ ಜಾರಿಕೊಳ್ಳುತ್ತವೆ. ಅಮೋನಿಯಾ 1989ರ ಅಪಾಯಕಾರಿ ರಾಸಾಯನಿಕ ನಿಯಮಗಳ ಪಟ್ಟಿಯಲ್ಲಿದೆ, ಆದರೆ ಅಲ್ಲಿನ ದೊಡ್ಡ ಹೊಣೆಗಾರಿಕೆಗಳು ಹತ್ತಾರು ಟನ್ ಇಟ್ಟುಕೊಂಡವರಿಗೆ. ಐಸ್ ಪ್ಲಾಂಟಿನಲ್ಲಿರುವುದು ನೂರಾರು ಕಿಲೋದಿಂದ ಕೆಲವು ಟನ್. 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ ವಿದ್ಯುತ್ ಬಳಸುವಲ್ಲಿ 10 ಮಂದಿ ದುಡಿದರೆ ಅದು ಕಾರ್ಖಾನೆ ಎನಿಸುತ್ತಿತ್ತು; ಕಾರ್ಮಿಕರ ಸುರಕ್ಷತೆಯ 2020ರ ಸಂಹಿತೆ ಅದನ್ನು 20ಕ್ಕೆ ಏರಿಸಿದೆ. ನಾಲ್ಕೈದು ಜನರ ಐಸ್ ಪ್ಲಾಂಟು ಯಾವ ಲೆಕ್ಕಕ್ಕೂ ಬರುವುದಿಲ್ಲ. ಕಡಿಮೆ ಜನರಿರುವ ಜಾಗಗಳನ್ನೂ ಅಧಿಸೂಚನೆ ಹೊರಡಿಸಿ ವ್ಯಾಪ್ತಿಗೆ ತರುವ ಅಧಿಕಾರ 1948ರ ಕಾಯ್ದೆಯ 85ನೇ ಕಲಮಿನಲ್ಲೇ ಸರ್ಕಾರಕ್ಕಿತ್ತು. ಅನಿಲ ಎಷ್ಟು ಜನ ಸಂಬಳ ಪಡೆಯುತ್ತಾರೆ ಎಂದು ಎಣಿಸಿ ಸೋರುವುದಿಲ್ಲವಲ್ಲ.

ಕೈಗಾ ಅಣುಸ್ಥಾವರದ ಸುತ್ತ ತುರ್ತು ಪರಿಸ್ಥಿತಿಯ ಅಣಕು ಕಾರ್ಯಾಚರಣೆ ನಡೆಯುವುದನ್ನು ನಮ್ಮ ಜಿಲ್ಲೆಯ ಜನ ಕಂಡಿದ್ದಾರೆ. ಅದರ ಹತ್ತರಲ್ಲೊಂದು ಪಾಲಿನ ಶ್ರಮ ಬಂದರುಗಳಿಗೆ ಸಾಕು. 2023ರ ಡಿಸೆಂಬರಿನಲ್ಲಿ ಚೆನ್ನೈನ ಎಣ್ಣೂರಿನಲ್ಲಿ ಸಮುದ್ರದಡಿಯ ಕೊಳವೆಯಿಂದ ಅಮೋನಿಯಾ ಸೋರಿದಾಗ ಮೀನುಗಾರರ ಕೇರಿಗಳ ಜನ ನಡುರಾತ್ರಿ ಬೀದಿಗೆ ಬಂದರು, ಹಲವರು ಆಸ್ಪತ್ರೆ ಸೇರಿದರು. ನಮ್ಮಲ್ಲಿ ಅಷ್ಟು ದೊಡ್ಡ ಪ್ರಮಾಣವಿಲ್ಲ. ಮನೆಗಳು ಮಾತ್ರ ಪ್ಲಾಂಟಿಗೆ ಗೋಡೆಗೆ ಗೋಡೆ ತಾಗಿಕೊಂಡೇ ಇವೆ.

ಜಿಲ್ಲಾಡಳಿತದಲ್ಲಿ ನಮ್ಮ ವಿನಂತಿ: ಮೀನುಗಾರಿಕೆ, ಕಾರ್ಖಾನೆ ಮತ್ತು ಅಗ್ನಿಶಾಮಕ ಇಲಾಖೆಯವರು ಜುಲೈ 31ರೊಳಗೆ ಒಟ್ಟಾಗಿ ಪ್ರತಿ ಬಂದರಿನ ಐಸ್ ಪ್ಲಾಂಟಿಗೂ ಒಂದು ಭೇಟಿ ಕೊಡಲಿ. ಆಯಿಲ್ ಡ್ರೇನಿನ ಸ್ಪ್ರಿಂಗ್ ವಾಲ್ವ್, ಸೇಫ್ಟಿ ವಾಲ್ವಿನ ತಾರೀಖು, ಹೊರಗಿಟ್ಟ ಮುಖವಾಡ, ಹೊರಗಿನ ಸ್ವಿಚ್, ಸಿಲಿಂಡರ್ ಬಿಲ್ಲು, ಈ ಐದನ್ನು ನೋಡಲು ಒಂದು ಪ್ಲಾಂಟಿಗೆ ಒಂದು ತಾಸು ಸಾಕು. ಸರಿಯಿಲ್ಲದವರಿಗೆ ಬೀಗ ಜಡಿಯುವ ಬದಲು ಸರಿಮಾಡಿಕೊಳ್ಳಲು ಗಡುವು ಕೊಡಲಿ, ಸ್ಪ್ರಿಂಗ್ ವಾಲ್ವ್ ಒಂದನ್ನು ಬಿಟ್ಟು. ಅದಿಲ್ಲದೆ ಯಾರೂ ಎಣ್ಣೆ ತೆಗೆಯಬಾರದು. ಪ್ಲಾಂಟಿನ ಗೇಟಿಗೆ 112, ಅಗ್ನಿಶಾಮಕದ 101, ಆಂಬುಲೆನ್ಸಿನ 108, ಜಿಲ್ಲಾ ನಿಯಂತ್ರಣ ಕೊಠಡಿಯ 1077, ಜೊತೆಗೆ ಮಾಲೀಕರ ಮತ್ತು ಆಪರೇಟರರ ಮೊಬೈಲ್ ಸಂಖ್ಯೆ ಬರೆದ ಫಲಕ ಹಾಕಿಸಲಿ. ಫಲಕ ಕನ್ನಡದಲ್ಲೂ ಇರಲಿ, ಬೋಟಿನಲ್ಲಿ ದುಡಿಯಲು ಹೊರರಾಜ್ಯದಿಂದ ಬಂದವರು ಓದುವ ಭಾಷೆಯಲ್ಲೂ ಇರಲಿ.

ಇಂತಿ,
ಶೀತಲೀಕರಣ ಯಂತ್ರ ನಿರ್ವಹಣೆಯ ಕೆಲಸಗಾರರು,
ಕಾರವಾರ